ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ, ವಯಾ ಬೆಂಗಳೂರು

ಮೈಸೂರಿನ ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಹೋದ ತಿಂಗಳು ಸರಸ್ವತಿಪುರಂನ ಒಬ್ಬರಿಂದ ಆನ್‌ಲೈನ್‌ನಲ್ಲಿ ತರಿಸಿದ ಊದುಬತ್ತಿ ಕುವೆಂಪುನಗರದ ನಮ್ಮ ಮನೆಗೆ ಬರಲು ಮೂರು ದಿನ ಹಿಡಿಯಿತು. ಟ್ರ್ಯಾಕಿಂಗ್ ನೋಡಿದರೆ, ಪಾರ್ಸಲ್ ರಾತ್ರೋರಾತ್ರಿ ಬೆಂಗಳೂರಿಗೆ ಹೋಗಿ, ಅಲ್ಲಿ ಒಂದು ಹಗಲು ಸುಮ್ನೆ ಕೂತು, ಮತ್ತೆ ಮೈಸೂರಿಗೆ ಬಂದಿತ್ತು. ಅದೇ ವಾರ ಹಾಲು, ಬ್ರೆಡ್ಡು ಹದಿನೈದು ನಿಮಿಷದಲ್ಲಿ ಬಾಗಿಲಿಗೆ ಬಂದಿದ್ದವು. ಹೀಗ್ಯಾಕೆ ಅಂತ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗೋದಾಮು ನಮ್ಮೂರಿಗೆ ಹೊಸದಲ್ಲ. ಸಂತೇಪೇಟೆಯ ಮಂಡಿಗಳ ಹಿಂದೆ ಮೂಟೆ ಪೇರಿಸುವ ಕತ್ತಲ ಕೋಣೆಗಳು ಇದ್ದೇ ಇದ್ದವು. 1957ರಲ್ಲಿ ರಾಜ್ಯ ಉಗ್ರಾಣ ನಿಗಮ ಬಂತು. ಅದು ಮುಖ್ಯವಾಗಿ ಕಾಳುಕಡ್ಡಿಗೆ, ಗೊಬ್ಬರಕ್ಕೆ. ಕಾಣದ ಗಿರಾಕಿಗೆ ಮಾಲು ಕಳಿಸಿ ದುಡ್ಡು ವಸೂಲು ಮಾಡುವುದೂ ಹೊಸದಲ್ಲ. ಮಾಲು ಕೈಗೆ ಕೊಡುವಾಗ ಅಂಚೆಯವರೇ ದುಡ್ಡು ವಸೂಲು ಮಾಡುವ ವಿ.ಪಿ.ಪಿ. ಶುರುವಾದದ್ದು 1877ರಲ್ಲಿ, ಈಗಿನ ಕ್ಯಾಶ್ ಆನ್ ಡೆಲಿವರಿಗೆ ಅದು ಮುತ್ತಜ್ಜ. 1972ರಲ್ಲಿ ಪಿನ್‌ಕೋಡ್, 1986ರಲ್ಲಿ ಸ್ಪೀಡ್ ಪೋಸ್ಟ್, ಆಮೇಲೆ ಖಾಸಗಿ ಕೊರಿಯರ್‌ಗಳು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಲು ಕೂತಿತು, 2013ರಲ್ಲಿ ಅಮೆಜಾನ್ ಬಂತು.

ಗೋಜಲು ಶುರುವಾದದ್ದು 2014ರಲ್ಲಿ. ಆಗ ವ್ಯಾಟ್ ಕಾಲ, ಅಂದರೆ ಜಿಎಸ್‌ಟಿಗೆ ಮುಂಚಿನ ಮಾರಾಟ ತೆರಿಗೆಯ ಕಾಲ. ನಿನ್ನ ಸರಕು ಎಲ್ಲಿಟ್ಟಿದ್ದೀಯ ಅಂತ ವ್ಯಾಪಾರಿ ಇಲಾಖೆಗೆ ಹೇಳಬೇಕು. ಅತ್ತ ಆನ್‌ಲೈನ್ ಕಂಪನಿಗಳು, ‘ಸರಕು ನಮ್ಮ ಗೋದಾಮಿನಲ್ಲಿಡಿ, ಆರ್ಡರ್ ಬಂದರೆ ನಾವೇ ಪ್ಯಾಕ್ ಮಾಡಿ ಕಳಿಸ್ತೀವಿ’ ಅನ್ನುತ್ತಿದ್ದವು. ಹಾಗಾದರೆ ಮಾರಿದ್ದು ಯಾರು? ಗೋದಾಮು ಇಟ್ಟುಕೊಂಡು ಕಮಿಷನ್ ತೆಗೆದುಕೊಳ್ಳುವವರೂ ತೆರಿಗೆಗೆ ಹೊಣೆ ಅಂತ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಅಂದಿತು. ನಾವು ಬರೀ ಸೇವೆ ಕೊಡುವವರು ಅಂತ ಅಮೆಜಾನ್ ಅಂದಿತು. ಆ ಗೋದಾಮನ್ನು ತಮ್ಮ ವ್ಯಾಪಾರದ ಇನ್ನೊಂದು ಜಾಗ ಅಂತ ತೋರಿಸಿದ್ದ ಎಷ್ಟೋ ಜನರ ನೋಂದಣಿಗೆ ಕುತ್ತು ಬಂತು. ಎರಡೂ ಕಡೆಯ ವಾದದಲ್ಲಿ ಹುರುಳಿತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ಅವರಿಬ್ಬರ ವಾದ ಮುಗಿಯುವವರೆಗೂ ಕಾಯುವ ಶಕ್ತಿ ಸಣ್ಣ ವ್ಯಾಪಾರಿಗೆ ಇರಲಿಲ್ಲ.

ನಾನೂ ಆ ಕಾಲದ ಒಬ್ಬ ಸಣ್ಣ ವ್ಯಾಪಾರಿ. 2015ರಿಂದ ಮೂರು ವರ್ಷ ಅಗ್ರಹಾರದ ಬಾಡಿಗೆ ಮನೆಯಿಂದ ಊದುಬತ್ತಿ, ಧೂಪ ಮಾರಿದೆ. ಗೋದಾಮು ಅಂದರೆ ಮಂಚದ ಕೆಳಗೆ ಮತ್ತು ಅಟ್ಟದ ಮೇಲೆ. ಮನೆಗೆ ಬಂದವರು ಯಾವ ಪೂಜೆ ಅಂತ ಕೇಳುತ್ತಿದ್ದರು.

ಈ ವ್ಯಾಪಾರದಲ್ಲಿ ತಕ್ಕಡಿಗೆ ಅಷ್ಟು ಬೆಲೆಯಿಲ್ಲ ಅಂತ ಗೊತ್ತಾದದ್ದು ಆಗಲೇ. ನಮ್ಮ ಡಬ್ಬಿ 30 ಸೆಂ.ಮೀ. ಉದ್ದ, 20 ಅಗಲ, 10 ಎತ್ತರ. ತೂಕ 600 ಗ್ರಾಂ. ಕೊರಿಯರ್‌ನವರು ಮೂರು ಅಳತೆಯನ್ನೂ ಗುಣಿಸಿ 5000ದಿಂದ ಭಾಗಿಸುತ್ತಿದ್ದರು. ಅಲ್ಲಿಗೆ 1.2 ಕೆ.ಜಿ. ದರ ಅರ್ಧರ್ಧ ಕಿಲೋಗೆ ಏರುವುದರಿಂದ ಒಂದೂವರೆ ಕಿಲೋ ದುಡ್ಡು ಕಟ್ಟಬೇಕು. ಲಾರಿಯಲ್ಲಿ ಜಾಗ ಹಿಡಿಯುತ್ತದಲ್ವಾ, ಅದಕ್ಕೆ. ಊದುಬತ್ತಿಗಿಂತ ಡಬ್ಬಿಯೊಳಗಿನ ಗಾಳಿಗೇ ಜಾಸ್ತಿ ಬಾಡಿಗೆ. ಕೊನೆಗೆ ಎತ್ತರ 8 ಸೆಂ.ಮೀ.ಗೆ ಇಳಿಸಿ ಹೊಸ ಡಬ್ಬಿ ಮಾಡಿಸಿದೆ. ಲೆಕ್ಕ 0.96ಕ್ಕೆ ಬಂತು, ಅಂದರೆ ಒಂದು ಕಿಲೋ ದರ. ಅವತ್ತು ಮನೆಯಲ್ಲಿ ಪಾಯಸ.

ಇನ್ನು ಆರ್‌ಟಿಒ. ಮೈಸೂರಿನವರಿಗೆ ಅದೊಂದು ಸರ್ಕಲ್ಲು. ಈ ವ್ಯಾಪಾರದಲ್ಲಿ ‘ರಿಟರ್ನ್ ಟು ಒರಿಜಿನ್’, ಅಂದರೆ ಗಿರಾಕಿ ಬೇಡ ಅಂದ ಮಾಲು ವಾಪಸ್ ಬರುವುದು. ಹೋಗುವ ಬಾಡಿಗೆಯೂ ನಮ್ಮದು, ಬರುವ ಬಾಡಿಗೆಯೂ ನಮ್ಮದು. ಗುವಾಹಟಿಗೆ ಹೋಗಿದ್ದ ಒಂದು ಪೆಟ್ಟಿಗೆ ಇಪ್ಪತ್ತೆರಡು ದಿನ ಸುತ್ತಾಡಿ ಮನೆಗೆ ಬಂತು. ಬಿಚ್ಚಿದರೆ ಕಡ್ಡಿಗಳೆಲ್ಲ ಪುಡಿಪುಡಿ. ಫೋಟೋ ಕಳಿಸಿ ಅಂದರು, ಕಳಿಸಿದೆ. ದೂರು ಬಗೆಹರಿದಿದೆ ಅಂತ ಮೆಸೇಜು ಬಂತು, ದುಡ್ಡು ಬರಲಿಲ್ಲ. ಮಾಲು ತಡವಾದಷ್ಟೂ ಕ್ಯಾಶ್ ಆನ್ ಡೆಲಿವರಿ ಗಿರಾಕಿಯ ಮನಸ್ಸು ಬದಲಾಗುತ್ತದೆ. ಬೇಗ ತಲುಪಿಸುವುದು ಶೋಕಿಗಲ್ಲ, ವಾಪಸ್ ಬರುವ ಪೆಟ್ಟಿಗೆ ಕಡಿಮೆ ಆಗಲಿ ಅಂತ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ಕಂಪನಿಯ ಗೋದಾಮನ್ನು ವ್ಯಾಪಾರದ ಹೆಚ್ಚುವರಿ ಸ್ಥಳ ಅಂತ ಸೇರಿಸುವುದು ಮಾಮೂಲಿ ಕೆಲಸವಾಯಿತು. ಆದರೆ ಈ ಮಾರುಕಟ್ಟೆ ಆ್ಯಪ್‌ಗಳಲ್ಲಿ ಸರಕು ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯವಾಗಿತ್ತು. ವರ್ಷದ ವಹಿವಾಟು 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ ಅಂತ ಪಕ್ಕದ ಅಂಗಡಿಯವನಿಗಿದ್ದ ವಿನಾಯಿತಿ ಆ್ಯಪ್‌ನಲ್ಲಿ ಮಾರುವವರಿಗೆ ಸಿಕ್ಕಿದ್ದು 2023ರ ಅಕ್ಟೋಬರ್ 1ರಿಂದ, ಅದೂ ರಾಜ್ಯದೊಳಗೆ ಮಾತ್ರ ಮಾರಿದರೆ. ನಡುವೆ 2019ರ ಫೆಬ್ರುವರಿಯಿಂದ ವಿದೇಶಿ ಬಂಡವಾಳದ ನಿಯಮ ಬಿಗಿಯಾಯಿತು. ವಿದೇಶಿ ದುಡ್ಡಿರುವ ಮಾರುಕಟ್ಟೆ ಕಂಪನಿ ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ. ಹಾಗಾಗಿ ಗೋದಾಮು ಅವರದ್ದಾದರೂ ಒಳಗೆ ಕೂತ ಮಾಲು, ಅದಕ್ಕೆ ಮಾಡಿದ ಸಾಲ, ಬಡ್ಡಿ ಎಲ್ಲ ಮಾರುವವನದ್ದು. ನಾಲ್ಕು ಊರಿನ ಗೋದಾಮಿನಲ್ಲಿಟ್ಟರೆ ಬೇಗ ತಲುಪುತ್ತದೆ, ನಿಜ. ನಾಲ್ಕು ಪಟ್ಟು ಮಾಲು ಎಲ್ಲಿಂದ ತರೋದು?

ಆ ದೊಡ್ಡ ಗೋದಾಮುಗಳು ಎದ್ದದ್ದು ಹೊಸಕೋಟೆ, ನೆಲಮಂಗಲದಂಥ ಕಡೆ. ಪಾರ್ಸಲ್ ವಿಂಗಡಿಸುವ ಹಬ್‌ಗಳೂ ಬೆಂಗಳೂರಿನ ಸುತ್ತಲೇ. ವಿಂಗಡಣೆಗೆ ದಿನಕ್ಕೆ ಸಾವಿರಗಟ್ಟಲೆ ಪಾರ್ಸಲ್ ಬೀಳುತ್ತಿದ್ದರೆ ಮಾತ್ರ ಗಿಟ್ಟುತ್ತದೆ. ಹಾಗಾಗಿ ಮೈಸೂರಿನಲ್ಲಿ ಸಂಜೆ ಎತ್ತಿದ್ದೆಲ್ಲ ಒಂದೇ ಗಾಡಿಗೆ: ಕೋಲ್ಕತ್ತದ್ದೂ, ಕುವೆಂಪುನಗರದ್ದೂ.

2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ 118 ಕಿ.ಮೀ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ, ಇನ್ನು ಗೋದಾಮುಗಳು ಇತ್ತ ಬರುತ್ತವೆ ಅಂತ ನಾವೆಲ್ಲ ಅಂದುಕೊಂಡೆವು. ನನಗೆ ಕಂಡಂತೆ ಆಗಿದ್ದು ಬೇರೆ. ಒಂದೂವರೆ ಗಂಟೆಯಲ್ಲಿ ಬೆಂಗಳೂರಿನಿಂದಲೇ ಮಾಲು ಬರುವಾಗ ಇಲ್ಲಿ ಇನ್ನೊಂದು ಬಾಡಿಗೆ ಯಾಕೆ? ಲೆಕ್ಕ ಹಾಕುವವರು ಹಾಕಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಆ ರಸ್ತೆ ಬಂದ್ ಆಯಿತು. ಮೈಸೂರಿನಿಂದ ಮಂಡ್ಯಕ್ಕೆ ಬೈಕಿನಲ್ಲಿ ಪಾರ್ಸಲ್ ಒಯ್ಯುವ ಹುಡುಗನಿಗೆ ಸರ್ವಿಸ್ ರಸ್ತೆಯೇ ಗತಿ.

ಹದಿನೈದು ನಿಮಿಷದ ಹಾಲಿನ ಗುಟ್ಟು ಡಾರ್ಕ್ ಸ್ಟೋರ್, ಅಂದರೆ ಗಿರಾಕಿ ಒಳಗೆ ಕಾಲಿಡದ ಅಂಗಡಿ. ಎರಡು ಮೂರು ಕಿಲೋಮೀಟರಿನ ಜನಕ್ಕೆ ದಿನಾ ಬೇಕಾದ್ದು ಅಲ್ಲಿರುತ್ತದೆ. ಗೋದಾಮು ಊರೊಳಗೆ ಬಂದಿದೆ ಅನ್ನುವುದಾದರೆ ಬಂದಿರುವುದು ಇದೇ. ಆದರೆ ವಾರಕ್ಕೆ ನಾಲ್ಕು ಡಬ್ಬಿ ಹೋಗುವ ಧೂಪಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ.

ಹಾಗಾಗಿ ಸಣ್ಣವರು ತಮ್ಮದೇ ದಾರಿ ಹುಡುಕುತ್ತಿದ್ದಾರೆ. ಮೈಸೂರಿನ ಹೆಬ್ಬಾಳದಲ್ಲಿ ಮೂವರು ಸೇರಿ ಒಂದು ಶೆಡ್ ಹಿಡಿದಿರುವುದನ್ನು ಕಂಡೆ. ಒಂದು ಗೋಡೆಗೆ ಸೀರೆ, ಇನ್ನೊಂದಕ್ಕೆ ಆಟಿಕೆ, ಪ್ಯಾಕ್ ಮಾಡಲು ಇಬ್ಬರಿಗೇ ಸಂಬಳ. ಮಂಡ್ಯದಲ್ಲಿ ಬೆಲ್ಲದ ಪುಡಿ ಮಾರುವ ಒಬ್ಬರು ಹಿಡಿದದ್ದು ಬಸ್ಸು. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೊ’ 2021ರ ಫೆಬ್ರುವರಿಯಲ್ಲಿ ಶುರುವಾಗಿತ್ತು. ಬೆಲ್ಲ ಭಾರ, ಬೆಲೆ ಕಡಿಮೆ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ. ಮೂರು ದಿನ ದಾರಿಯಲ್ಲಿ ಕೂತರೆ ಕೆಟ್ಟಂತೆಯೇ. ಅವರು ಮಧ್ಯಾಹ್ನ ಬಸ್ಸಿಗೆ ಹಾಕಿದರೆ ಸಂಜೆಗೆ ಮೈಸೂರಿನ ಸಬರ್ಬ್ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಗೆ ಗಿರಾಕಿಯೇ ಬಂದು ತಗೊಂಡು ಹೋಗಬೇಕು. ಬರುತ್ತಾರಂತೆ. ಜೋರು ಮಳೆ ಬಂದ ದಿನ ಮಾತ್ರ, ‘ಮೇಡಂ, ಮನೆಗೇ ಕಳಿಸೋಕಾಗಲ್ವಾ?’ ಅಂತ ಫೋನ್ ಬರುತ್ತದೆ.