ದೊಡ್ಡ ಕ್ಲಬ್ ಅಂದರೆ ಯಾವುದು? ಇಂಗ್ಲೆಂಡ್ ಫುಟ್‌ಬಾಲ್‌ನ ತಲೆ ಲೆಕ್ಕ

1966ರ ಮೇ 5ರ ಸಂಜೆ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಲೀಡ್ಸ್ ನಡುವೆ ಲೀಗ್ ಪಂದ್ಯ ಇತ್ತು. ನೋಡಲು ಬಂದವರು 4,554 ಜನ. ಇದೇ ಮೈದಾನಕ್ಕೆ 1935ರಲ್ಲಿ ಸಂಡರ್‌ಲೆಂಡ್ ವಿರುದ್ಧದ ಆಟ ನೋಡಲು 73,295 ಜನ ಬಂದಿದ್ದರು. 1966ರ ಆ ಸಂಜೆ ಲಿವರ್‌ಪೂಲ್ ತಂಡ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ಆಡುತ್ತಿತ್ತು, ಅದು ಟಿವಿಯಲ್ಲಿ ನೇರವಾಗಿ ಬರುತ್ತಿತ್ತು. ಆರ್ಸೆನಲ್‌ಗೆ ಆ ವರ್ಷ ಗೆಲ್ಲಲು ಏನೂ ಉಳಿದಿರಲಿಲ್ಲ. ಜನ ಸುಮ್ನೆ ಮನೆಯಲ್ಲೇ ಕೂತರು.

ಇಂಗ್ಲೆಂಡ್ ಫುಟ್‌ಬಾಲ್ ಹಿಂಬಾಲಿಸುವವರ ನಡುವೆ ಮುಗಿಯದ ಜಗಳ ಒಂದಿದೆ. ಯಾವ ಕ್ಲಬ್ ದೊಡ್ಡದು? ಒಬ್ಬ ಗೆದ್ದ ಕಪ್ಪುಗಳನ್ನು ಎಣಿಸುತ್ತಾನೆ. ಇನ್ನೊಬ್ಬ, "ಕಪ್ಪು ನಿನ್ನ ಹತ್ರಾನೇ ಇರಲಿ, ನಾವು ಸೋತು ಲೀಗಿನ ಮೂರನೇ ಹಂತಕ್ಕೆ ಬಿದ್ದಾಗಲೂ ಸ್ಟೇಡಿಯಂಗೆ ಜನ ಬರ್ತಿದ್ರು" ಅನ್ನುತ್ತಾನೆ. ಎರಡನೆಯವನ ಮಾತಿಗೇ ತೂಕ ಜಾಸ್ತಿ ಅಂತ ಬಹಳ ಜನರ ಅನಿಸಿಕೆ. ನನಗೂ ಹಾಗೇ ಅನಿಸುತ್ತದೆ. ಆದರೆ ಹಳೆಯ ಅಂಕಿಗಳನ್ನು ನೋಡುತ್ತಾ ಹೋದರೆ ಈ 'ನಿಷ್ಠೆಯ ಜನ' ಎನ್ನುವವರು ನಾವು ಅಂದುಕೊಂಡಷ್ಟು ಹಳಬರಲ್ಲ.

ಮೊದಲು ಗಿರಣಿಯಿಂದ ಶುರು ಮಾಡೋಣ. ಬಟ್ಟೆ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ ಎರಡಕ್ಕೆ ಕೆಲಸ ನಿಲ್ಲಿಸಬೇಕು ಅಂತ 1850ರಲ್ಲಿ ಬ್ರಿಟನ್ನಿನಲ್ಲಿ ಕಾನೂನು ಬಂತು. ಮುಂದಿನ ದಶಕಗಳಲ್ಲಿ ಬೇರೆ ಕಾರ್ಖಾನೆಗಳಿಗೂ ಅರ್ಧ ದಿನದ ರಜೆ ಸಿಕ್ಕಿತು. ಕೂಲಿಯವನ ಕೈಯಲ್ಲಿ ವಾರದ ಸಂಬಳ, ಮುಂದೆ ಖಾಲಿ ಮಧ್ಯಾಹ್ನ. ಪಂದ್ಯಗಳು ಮೂರು ಗಂಟೆಗೆ ಶುರುವಾಗುವ ರೂಢಿ ಬೆಳೆದದ್ದು ಹೀಗೆ. 1888ರಲ್ಲಿ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಇದ್ದ 12 ಕ್ಲಬ್‌ಗಳೂ ಉತ್ತರ ಮತ್ತು ಮಧ್ಯ ಇಂಗ್ಲೆಂಡಿನ ಕಾರ್ಖಾನೆ ಊರುಗಳವು. ಲಂಡನ್ನಿನದು ಒಂದೂ ಇರಲಿಲ್ಲ.

ಆ ಕಾಲದಲ್ಲಿ ಜನ ಅಂದರೆ ಹಣ. ಗೇಟ್ ಕಲೆಕ್ಷನ್ ಬಿಟ್ಟರೆ ಕ್ಲಬ್‌ಗಳಿಗೆ ಹೇಳಿಕೊಳ್ಳುವಂಥ ಆದಾಯ ಇರಲಿಲ್ಲ. ದೊಡ್ಡ ಊರು, ಊರಿಗೊಂದೇ ಕ್ಲಬ್, ಮೈದಾನದವರೆಗೆ ಟ್ರಾಮು: ಇಷ್ಟಿದ್ದರೆ ಕ್ಲಬ್ ದೊಡ್ಡದಾಗುತ್ತಿತ್ತು. ನ್ಯೂಕ್ಯಾಸಲ್ ಮತ್ತು ಸಂಡರ್‌ಲೆಂಡ್ ಬೆಳೆದದ್ದು ಹೀಗೆಯೇ. ಹಡಗು ಕಟ್ಟುವವರು, ಕಲ್ಲಿದ್ದಲು ಗಣಿಯವರು ತುಂಬಿದ್ದ ಊರುಗಳವು. ಸಂಡರ್‌ಲೆಂಡ್ 1936ರೊಳಗೆ ಆರು ಸಲ ಲೀಗ್ ಗೆದ್ದಿತ್ತು. ಅದರ ಈಗಿನ ಸ್ಟೇಡಿಯಂ ನಿಂತಿರುವುದೇ ಮುಚ್ಚಿದ ಗಣಿಯೊಂದರ ಜಾಗದಲ್ಲಿ.

ಇನ್ನು ಮ್ಯಾಂಚೆಸ್ಟರ್. 1934ರ ಮಾರ್ಚ್ 3ರಂದು ಮೇನ್ ರೋಡ್ ಮೈದಾನದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಎಫ್‌ಎ ಕಪ್ (ಸೋತವರು ಹೊರಗೆ ಹೋಗುವ ದೇಶದ ನಾಕೌಟ್ ಕಪ್) ಪಂದ್ಯ ನಡೆಯಿತು. ಎದುರಾಳಿ ಸ್ಟೋಕ್ ಸಿಟಿ. ಅವರ ತಂಡದಲ್ಲಿ ಮುಂದೆ ದೊಡ್ಡ ತಾರೆಯಾದ 19 ವರ್ಷದ ಸ್ಟ್ಯಾನ್ಲಿ ಮ್ಯಾಥ್ಯೂಸ್ ಇದ್ದ. ಬಂದ ಜನ 84,569. ಇಂಗ್ಲೆಂಡಿನ ಯಾವ ಕ್ಲಬ್ಬೂ ತನ್ನದೇ ಮೈದಾನದಲ್ಲಿ ಇಂದಿಗೂ ಇಷ್ಟು ಜನರನ್ನು ಸೇರಿಸಿಲ್ಲ. ಇದಕ್ಕೆ ಮೂರು ವರ್ಷ ಮೊದಲು ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್ ಎರಡನೇ ಡಿವಿಷನ್‌ಗೆ, ಅಂದರೆ ಲೀಗಿನ ಎರಡನೇ ಹಂತಕ್ಕೆ, ಬಿದ್ದಿತ್ತು. 1931ರ ಸೆಪ್ಟೆಂಬರ್‌ನಲ್ಲಿ ಸೌತಾಂಪ್ಟನ್ ವಿರುದ್ಧದ ಆಟಕ್ಕೆ ಅದರ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಸೇರಿದ್ದು 3,507 ಜನ. ಇವತ್ತು ಜಗತ್ತಿನ ಅತಿ ದೊಡ್ಡ ಕ್ಲಬ್‌ಗಳಲ್ಲಿ ಒಂದು ಅನ್ನುತ್ತೇವಲ್ಲ, ಅದೇ ಯುನೈಟೆಡ್!

ಕಾರಣ ಕಷ್ಟದ್ದೇನಲ್ಲ. ಆಗ ಜನ ಊರಿನವರಾಗಿದ್ದರು. ಎಷ್ಟೋ ಮಂದಿ ಒಂದು ಶನಿವಾರ ಸಿಟಿಯ ಆಟಕ್ಕೆ ಹೋಗುತ್ತಿದ್ದರು, ಮುಂದಿನ ಶನಿವಾರ ಯುನೈಟೆಡ್ ಆಟಕ್ಕೆ. ಒಳ್ಳೆಯ ಆಟ ಎಲ್ಲಿದೆಯೋ ಅಲ್ಲಿಗೆ. ತಂಡದ ಹಿಂದೆ ಬೇರೆ ಊರಿಗೆ ಹೋಗಿ ಬರಲು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. 1941ರಲ್ಲಿ ಜರ್ಮನ್ ಬಾಂಬು ಬಿದ್ದು ಓಲ್ಡ್ ಟ್ರಾಫರ್ಡ್ ಹಾಳಾದಾಗ ಯುನೈಟೆಡ್ 1949ರವರೆಗೂ ಸಿಟಿಯ ಮೈದಾನದಲ್ಲೇ ಆಡಿತು. ಇಂಗ್ಲೆಂಡಿನ ಲೀಗ್ ಪಂದ್ಯಗಳ ಜನದಾಖಲೆ ಹುಟ್ಟಿದ್ದು ಆ ದಿನಗಳಲ್ಲೇ. 1948ರ ಜನವರಿಯಲ್ಲಿ ಮೇನ್ ರೋಡ್‌ನಲ್ಲಿ ಯುನೈಟೆಡ್ ಮತ್ತು ಆರ್ಸೆನಲ್ ಆಡಿದಾಗ 83,260 ಜನ ಸೇರಿದ್ದರು. ಅಂದರೆ ಯುನೈಟೆಡ್‌ನ ದಾಖಲೆ ಬರೆದಿದ್ದು ಸಿಟಿಯ ಮನೆಯಲ್ಲಿ.

ಈ ಹಳೆಯ ಅಂಕಿಗಳನ್ನು ಓದಿ ಬೀಗುವ ಮೊದಲು ಒಂದು ವಿಷಯ ನೆನಪಿರಲಿ. ಇವರೆಲ್ಲ ಕೂತು ನೋಡಿದವರಲ್ಲ, ಬಹುಪಾಲು ಜನ ಮೆಟ್ಟಿಲುಗಳ ಮೇಲೆ ಒತ್ತಿಕೊಂಡು ನಿಂತವರು. 1946ರ ಮಾರ್ಚ್ 9ರಂದು ಬೋಲ್ಟನ್ನಿನ ಬರ್ನ್‌ಡೆನ್ ಪಾರ್ಕ್‌ನಲ್ಲಿ ನೂಕುನುಗ್ಗಲಿಗೆ 33 ಜನ ಸತ್ತರು. ಅಂದೂ ಎದುರಾಳಿ ಸ್ಟೋಕ್, ಅಂದೂ ಮ್ಯಾಥ್ಯೂಸ್ ಆಡಿದ್ದ. ಅಷ್ಟಾದರೂ ಮೈದಾನಗಳಿಗೆ ಸುರಕ್ಷತಾ ಕಾನೂನು ಬರಲು 1975 ಆಗಬೇಕಾಯಿತು. ಅದೂ ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ 1971ರಲ್ಲಿ 66 ಜನ ಸತ್ತ ಮೇಲೆ.

ಯುದ್ಧ ಮುಗಿದ ಮೇಲಿನ ವರ್ಷಗಳು ಇಂಗ್ಲಿಷ್ ಫುಟ್‌ಬಾಲ್‌ಗೆ ಜಾತ್ರೆಯ ಕಾಲ. ಕೈಯಲ್ಲಿ ಸಂಬಳ ಇತ್ತು, ಕೊಳ್ಳಲು ಅಂಗಡಿಯಲ್ಲಿ ಏನೂ ಇರಲಿಲ್ಲ, ರೇಷನ್ ಇನ್ನೂ ನಡೆಯುತ್ತಿತ್ತು. 1948–49ರ ಒಂದೇ ಸೀಸನ್‌ನಲ್ಲಿ ಲೀಗ್ ಪಂದ್ಯಗಳಿಗೆ ಬಂದವರ ಒಟ್ಟು ಲೆಕ್ಕ 4.12 ಕೋಟಿ. ಆಮೇಲೆ ಇಳಿಜಾರು. ಮನೆಗೆ ಟಿವಿ ಬಂತು, ಕೆಲವರಿಗೆ ಕಾರು ಬಂತು, ಶನಿವಾರ ಹೆಂಡತಿ ಮಕ್ಕಳ ಜೊತೆ ಪೇಟೆಗೆ ಹೋಗುವ ರೂಢಿ ಬಂತು. ಎಪ್ಪತ್ತರ ದಶಕದ ಹೊತ್ತಿಗೆ ಸ್ಟ್ಯಾಂಡ್‌ಗಳಲ್ಲಿ ಹೊಡೆದಾಟ. 1985–86ರಲ್ಲಿ ಒಟ್ಟು ಲೆಕ್ಕ 1.65 ಕೋಟಿಗೆ ಕುಸಿದಿತ್ತು. ಹಿಂದಿನ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್ ಬೆಂಕಿಯಲ್ಲಿ 56 ಜನ, ಬ್ರಸೆಲ್ಸ್‌ನ ಹೇಸೆಲ್‌ನಲ್ಲಿ 39 ಜನ ಸತ್ತಿದ್ದರು. ಆಟ ನೋಡಲು ಹೋಗುವುದೇ ಮರ್ಯಾದಸ್ತರ ಕೆಲಸವಲ್ಲ ಎನ್ನುವ ಮಾತು ಹುಟ್ಟಿತ್ತು.

ಈ ಇಳಿಜಾರಿನಲ್ಲಿ ದೊಡ್ಡವರು ಅನಿಸಿಕೊಂಡವರೂ ಉಳಿಯಲಿಲ್ಲ. 1935ರಲ್ಲಿ 82,905 ಜನರನ್ನು ಕಂಡಿದ್ದ ಚೆಲ್ಸಿಯ ಮೈದಾನಕ್ಕೆ 1982ರ ಮೇನಲ್ಲಿ ಓರಿಯಂಟ್ ವಿರುದ್ಧದ ಆಟಕ್ಕೆ ಬಂದದ್ದು 6,009 ಜನ. ಸಿಟಿಯ ಮೇನ್ ರೋಡ್‌ನಲ್ಲಿ 1965ರ ಜನವರಿಯಲ್ಲಿ ಸ್ವಿಂಡನ್ ವಿರುದ್ಧ 8,015. ಆಗ ಸಿಟಿ ಎರಡನೇ ಡಿವಿಷನ್‌ನಲ್ಲಿತ್ತು. ಮೂರು ವರ್ಷ ಬಿಟ್ಟು 1968ರಲ್ಲಿ ಅದೇ ಸಿಟಿ ದೇಶದ ಚಾಂಪಿಯನ್!

ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಇಲ್ಲಿಂದ ಮುಂದಿನದು. ಒಟ್ಟು ಜನ ಕಡಿಮೆಯಾಗುತ್ತಾ ಹೋದ ಹಾಗೆ ಉಳಿದವರ ಸ್ವಭಾವವೇ ಬದಲಾಯಿತು. ಎರಡೂ ಕ್ಲಬ್ ನೋಡುತ್ತಿದ್ದವನು ಮನೆಗೆ ಹೋದ. ಉಳಿದವನು ಒಂದೇ ಕ್ಲಬ್ಬಿನವನು. ಕೊರಳಿಗೆ ಅದೇ ಬಣ್ಣದ ಮಫ್ಲರ್, ಗೋಲಿನ ಹಿಂದೆ ಹಾಡು, ಬಸ್ಸು ರೈಲು ಹತ್ತಿ ಬೇರೆ ಊರಿಗೂ ಹಾಜರು. ಯುನೈಟೆಡ್ 1974ರಲ್ಲಿ ಮತ್ತೆ ಎರಡನೇ ಡಿವಿಷನ್‌ಗೆ ಬಿತ್ತು. ಈ ಸಲ ಜನ ಓಡಿಹೋಗಲಿಲ್ಲ. 1974–75ರಲ್ಲಿ ಇಡೀ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಸರಾಸರಿ ಪ್ರೇಕ್ಷಕರು ಯುನೈಟೆಡ್‌ಗೆ, ಮೊದಲ ಡಿವಿಷನ್ನಿನ ಎಲ್ಲರಿಗಿಂತ ಜಾಸ್ತಿ. 1931ರಲ್ಲಿ ಕೈಬಿಟ್ಟಿದ್ದ ಅದೇ ಊರು. ನಡುವೆ ಯುನೈಟೆಡ್ ಆಟಗಾರರ ಜೀವ ತೆಗೆದ ಮ್ಯೂನಿಕ್ ವಿಮಾನ ದುರಂತ ಆಗಿತ್ತು, ಮ್ಯಾನೇಜರ್ ಮ್ಯಾಟ್ ಬಸ್ಬಿ ಮತ್ತೆ ತಂಡ ಕಟ್ಟಿದ್ದರು, 1968ರಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಕಪ್ಪಾದ ಯುರೋಪಿಯನ್ ಕಪ್ ಬಂದಿತ್ತು. ಅಷ್ಟೆಲ್ಲ ಕಂಡ ಮೇಲೆ ಕ್ಲಬ್ ಬಿಡುವುದು ಅಷ್ಟು ಸುಲಭವಲ್ಲ, ಅಲ್ವಾ?

ಸಿಟಿಯದು ಇನ್ನೂ ವಿಚಿತ್ರ. 1998–99ರಲ್ಲಿ ಸಿಟಿ ಮೂರನೇ ಹಂತದಲ್ಲಿತ್ತು. (ಹೆಸರಿಗೆ ಸೆಕೆಂಡ್ ಡಿವಿಷನ್. ಮೊದಲ ಡಿವಿಷನ್ನಿನ ಜಾಗಕ್ಕೆ ಪ್ರೀಮಿಯರ್ ಲೀಗ್ ಬಂದ ಮೇಲೆ ಕೆಳಗಿನ ಎಲ್ಲ ಹೆಸರುಗಳೂ ಒಂದೊಂದು ಮೆಟ್ಟಿಲು ಜರುಗಿದ್ದವು.) ಡಿಸೆಂಬರ್‌ನಲ್ಲಿ ಯಾರ್ಕ್ ಸಿಟಿಯಂಥ ಪುಟ್ಟ ಕ್ಲಬ್ಬಿನ ಎದುರೂ ಸೋತರು. ಆದರೂ ಲೀಗ್ ಪಂದ್ಯಗಳಿಗೆ ಸರಾಸರಿ 28 ಸಾವಿರ ಜನ. ಅದೇ ಡಿಸೆಂಬರ್‌ನಲ್ಲಿ ಕೆಳಗಿನ ಡಿವಿಷನ್‌ಗಳ ಒಂದು ಚಿಲ್ಲರೆ ಕಪ್ಪಿನಲ್ಲಿ ಮ್ಯಾನ್ಸ್‌ಫೀಲ್ಡ್ ವಿರುದ್ಧ ಆಡಿದಾಗ ಮಾತ್ರ 3,007 ಜನ ಬಂದರು. "ಈ ಕಪ್ ನಮ್ಮಂಥವರಿಗಲ್ಲ" ಅಂತ ಜನ ಕಾಲಿನಲ್ಲೇ ಉತ್ತರ ಕೊಟ್ಟ ಹಾಗಿತ್ತು. ಮೇ ತಿಂಗಳಲ್ಲಿ ಮೇಲಿನ ಹಂತಕ್ಕೆ ಹೋಗುವ ಕೊನೆಯ ಅವಕಾಶ, ವೆಂಬ್ಲಿಯಲ್ಲಿ ಗಿಲ್ಲಿಂಗ್‌ಹ್ಯಾಮ್ ವಿರುದ್ಧ. 76,935 ಜನ. 90ನೇ ನಿಮಿಷದ ಹತ್ತಿರ 0–2 ಹಿಂದಿದ್ದ ಸಿಟಿ ಎರಡು ಗೋಲು ಹೊಡೆದು ಪೆನಾಲ್ಟಿಯಲ್ಲಿ ಗೆದ್ದಿತು. ಸಿಟಿಗೆ ಅಬುಧಾಬಿಯ ಹೊಸ ಒಡೆಯರ ಹಣ ಬಂದದ್ದು 2008ರಲ್ಲಿ. ಈಗ ಸಿಟಿಯ ಖಾಲಿ ಕುರ್ಚಿಗಳನ್ನು ತೋರಿಸಿ ನಗುವವರಿಗೆ, 'ಇವರಿಗೆ ಇತಿಹಾಸವೇ ಇಲ್ಲ' ಅನ್ನುವವರಿಗೆ ಈ ವರ್ಷ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಬೇಡ.

ಈ ಹೊತ್ತಿಗೆ ಹಣದ ಲೆಕ್ಕ ಬೇರೆಯಾಗಿತ್ತು. ಹಿಂದೆ ಲೀಗ್ ಪಂದ್ಯದ ಗೇಟ್ ಹಣದಲ್ಲಿ ಐದನೇ ಒಂದು ಪಾಲು ಎದುರಾಳಿ ಕ್ಲಬ್ಬಿಗೆ ಹೋಗುತ್ತಿತ್ತು. 1983ರಲ್ಲಿ ಇದು ನಿಂತಿತು. ದೊಡ್ಡ ಮೈದಾನ ಇದ್ದವರು ಪೂರ್ತಿ ತಾವೇ ಇಟ್ಟುಕೊಂಡರು. 1992ರಲ್ಲಿ ಪ್ರೀಮಿಯರ್ ಲೀಗ್ ಬಂತು, ಜೊತೆಗೆ ಸ್ಕೈ ಟಿವಿಯ ಹಣ. ಅದರಲ್ಲಿ ಅರ್ಧ ಎಲ್ಲ ಕ್ಲಬ್‌ಗಳಿಗೂ ಸಮ. ಪರಿಣಾಮ ನೋಡಿ: ಬೋರ್ನ್‌ಮತ್‌ನ ಮೈದಾನದಲ್ಲಿ ಹಿಡಿಸುವುದು 11 ಸಾವಿರ ಚಿಲ್ಲರೆ ಜನ. ಆದರೂ ಪ್ರೀಮಿಯರ್ ಲೀಗ್‌ನಲ್ಲಿ ಇರುವವರೆಗೆ ಅದಕ್ಕೆ ವರ್ಷಕ್ಕೆ 10 ಕೋಟಿ ಪೌಂಡಿಗೂ ಹೆಚ್ಚು ಟಿವಿ ಹಣ. ಅದೇ ಹೊತ್ತಿನಲ್ಲಿ ಮೂರನೇ ಹಂತಕ್ಕೆ ಬಿದ್ದಿದ್ದ ಸಂಡರ್‌ಲೆಂಡ್ 2018ರ ಕ್ರಿಸ್‌ಮಸ್ ಮರುದಿನ ಬ್ರಾಡ್‌ಫರ್ಡ್ ವಿರುದ್ಧ 46,039 ಜನರನ್ನು ಸೇರಿಸಿತು. ಯಾರು ದೊಡ್ಡವರು ಅಂತ ಬ್ಯಾಂಕಿನ ಮ್ಯಾನೇಜರನ್ನು ಕೇಳಿದರೆ ಒಂದು ಉತ್ತರ, ಬಸ್ ಡ್ರೈವರನ್ನು ಕೇಳಿದರೆ ಇನ್ನೊಂದು.

ಅಂಕಿಗಳೂ ಮೊದಲಿನಷ್ಟು ನೇರವಾಗಿಲ್ಲ. 1989ರಲ್ಲಿ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ಆದ ನೂಕುನುಗ್ಗಲು 97 ಜನರ ಜೀವ ತೆಗೆದುಕೊಂಡಿತು. ಅದರ ವಿಚಾರಣೆ ನಡೆಸಿದ ಟೇಲರ್ ವರದಿ ಬಂದು ಮೇಲಿನ ಡಿವಿಷನ್‌ಗಳಲ್ಲಿ ನಿಂತು ನೋಡುವುದು ನಿಂತಿತು. ಎಲ್ಲರಿಗೂ ಕುರ್ಚಿ ಅಂದಮೇಲೆ ಹಿಡಿಸುವ ಜನ ಕಡಿಮೆ, ಟಿಕೆಟ್ ಬೆಲೆ ಮೇಲೆ. ಮೈದಾನ ಪ್ರತಿ ವಾರ ತುಂಬುತ್ತಿದ್ದರೆ ಹೊರಗೆ ಎಷ್ಟು ಜನ ಕಾಯುತ್ತಿದ್ದಾರೆ ಅಂತ ಅಂಕಿ ಹೇಳುವುದಿಲ್ಲ. ವೆಸ್ಟ್ ಹ್ಯಾಮ್ 2016ರಲ್ಲಿ 35 ಸಾವಿರದ ಮೈದಾನ ಬಿಟ್ಟು ಒಲಿಂಪಿಕ್ಸ್ ಸ್ಟೇಡಿಯಂಗೆ ಹೋಯಿತು. ಸರಾಸರಿ 20 ಸಾವಿರದಷ್ಟು ಏರಿತು. ಒಂದೇ ಬೇಸಿಗೆಯಲ್ಲಿ ಕ್ಲಬ್ ಅಷ್ಟು ದೊಡ್ಡದಾಯಿತಾ? ಇನ್ನು ಹಲವು ಕ್ಲಬ್‌ಗಳು ಪ್ರಕಟಿಸುವುದು ಮಾರಾಟವಾದ ಟಿಕೆಟ್ ಲೆಕ್ಕ. ಸೀಸನ್ ಟಿಕೆಟ್ ಇದ್ದವನು ಜ್ವರ ಬಂದು ಮನೆಯಲ್ಲಿ ಮಲಗಿದ್ದರೂ ಅವನು 'ಹಾಜರು'.

ಕಪ್ಪು ಎಣಿಸುವವರ ದಾರಿಯೂ ಎಲ್ಲಿಗೂ ಹೋಗುವುದಿಲ್ಲ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡು ಸಲ ಯುರೋಪಿಯನ್ ಕಪ್ ಗೆದ್ದಿದೆ. ಆರ್ಸೆನಲ್ 2025ರವರೆಗೆ ಅದನ್ನು ಒಮ್ಮೆಯೂ ಗೆದ್ದಿರಲಿಲ್ಲ ಅಂತ ಹೇಳಿ ಫಾರೆಸ್ಟ್ ದೊಡ್ಡದು ಅನ್ನೋಕೆ ಆಗುತ್ತಾ? ವಿಂಬಲ್ಡನ್ 1988ರಲ್ಲಿ ಎಫ್‌ಎ ಕಪ್ ಗೆದ್ದಿತು. 1993ರ ಜನವರಿಯಲ್ಲಿ ಎವರ್ಟನ್ ವಿರುದ್ಧ ಅದರ ಪ್ರೀಮಿಯರ್ ಲೀಗ್ ಪಂದ್ಯಕ್ಕೆ ಬಂದವರು 3,039. ನ್ಯೂಕ್ಯಾಸಲ್ 1955ರ ನಂತರ 2025ರವರೆಗೆ ದೇಶದೊಳಗಿನ ಒಂದೂ ದೊಡ್ಡ ಕಪ್ ಗೆಲ್ಲಲಿಲ್ಲ. ಆದರೂ ಅಲ್ಲಿ 50 ಸಾವಿರ ಜನ ಬರುವುದು ಸುದ್ದಿಯೇ ಅಲ್ಲ.

ನಮ್ಮ ದೇಶದಲ್ಲೂ ಇದಕ್ಕೆ ಸಾಕ್ಷಿ ಇದೆ. 1997ರಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಈಸ್ಟ್ ಬೆಂಗಾಲ್–ಮೋಹನ್ ಬಗಾನ್ ಪಂದ್ಯಕ್ಕೆ ಸೇರಿದ್ದು 1,31,781 ಜನ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಈ ಎರಡೂ ಕ್ಲಬ್ ಒಳಗಿರಲಿಲ್ಲ. 2020ರಲ್ಲಿ ಎರಡನ್ನೂ ಕರೆದುಕೊಳ್ಳಬೇಕಾಯಿತು.

ಬೆಂಗಳೂರಿನ ಪಬ್‌ಗಳಲ್ಲಿ ವಾರಾಂತ್ಯದ ರಾತ್ರಿ ಆರ್ಸೆನಲ್, ಲಿವರ್‌ಪೂಲ್ ಅಂಗಿ ತೊಟ್ಟು ಕೂಗುವವರು ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ. ತಮಾಷೆ ಏನಂದರೆ ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಯ ಪಂದ್ಯಗಳನ್ನು ಟಿವಿಯಲ್ಲಿ ನೇರವಾಗಿ ತೋರಿಸುವ ಹಾಗಿಲ್ಲ. ಮನೆಯಲ್ಲೇ ದೊಡ್ಡ ಕ್ಲಬ್ಬಿನ ಆಟ ಸಿಕ್ಕರೆ ಜನ ತಮ್ಮ ಊರಿನ ಮೈದಾನಕ್ಕೆ ಬರುವುದಿಲ್ಲ ಅಂತ ಅರವತ್ತರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಹಟ ಹಿಡಿದಿದ್ದರು. ಬರ್ನ್‌ಲಿ 1960ರಲ್ಲಿ ಚಾಂಪಿಯನ್ ಆಗಿದ್ದ ಪುಟ್ಟ ಗಿರಣಿ ಊರು, ಅವರ ಭಯ ಸುಳ್ಳಲ್ಲ. ಆ ನಿಯಮ ಇನ್ನೂ ಇದೆ. ಹಾಗಾಗಿ ಚಳಿಗಾಲದಲ್ಲಿ ನಮ್ಮ ರಾತ್ರಿ ಎಂಟೂವರೆಗೆ ಜಯನಗರದವನು ಕೂತು ನೋಡುವ ಆಟವನ್ನು ಬರ್ನ್‌ಲಿಯವನು ಮನೆಯಲ್ಲಿ ನೋಡಲಾರ.

ದಾಖಲೆಯ ಮಾತು ಬಾಕಿ ಇದೆ. 2018ರಲ್ಲಿ ತನ್ನ ಹೊಸ ಮೈದಾನ ಕಟ್ಟಿಸುತ್ತಾ ವೆಂಬ್ಲಿಯಲ್ಲಿ ಆಡುತ್ತಿದ್ದ ಟಾಟನ್‌ಹ್ಯಾಮ್, ಆರ್ಸೆನಲ್ ವಿರುದ್ಧ 83,222 ಜನರನ್ನು ಸೇರಿಸಿತು. 1948ರ ಅಂಕಿಗೆ 38 ಕಡಿಮೆ. 2025ರ ಮಾರ್ಚ್‌ನಲ್ಲಿ ಯುನೈಟೆಡ್ ಒಂದು ಲಕ್ಷ ಕುರ್ಚಿಯ ಹೊಸ ಸ್ಟೇಡಿಯಂ ಕಟ್ಟುವ ಯೋಜನೆ ಪ್ರಕಟಿಸಿತು. ಅದು ಎದ್ದು ನಿಂತರೆ ಲೀಗ್ ದಾಖಲೆ ಮೊದಲ ಪಂದ್ಯಕ್ಕೇ ಮುರಿಯಬಹುದು. ಈ ಯೋಜನೆ ಬಂದದ್ದು ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ 15ನೇ ಸ್ಥಾನಕ್ಕೆ ಇಳಿದ ಸೀಸನ್‌ನಲ್ಲೇ.