ಹಚ್ಚಿಟ್ಟ ಡಿಸ್ಕ್ ಬ್ಯಾಕಪ್ ಅಲ್ಲ

ಹುಬ್ಬಳ್ಳಿಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಉತ್ತರ ಒಂದೇ: "ಬ್ಯಾಕಪ್ ಐತ್ರಿ ಸರ." ಎಲ್ಲಿ ಅಂದರೆ ಕಂಪ್ಯೂಟರಿನ ಹಿಂದೆ ಕೈ ತೋರಿಸುತ್ತಾರೆ. ಅಲ್ಲಿ ಕಂಪ್ಯೂಟರಿಗೆ ಹಚ್ಚಿಟ್ಟ ಒಂದು ಹಾರ್ಡ್ ಡಿಸ್ಕ್ ಧೂಳು ಹಿಡಿದುಕೊಂಡು ಕೂತಿರುತ್ತದೆ. ಇದನ್ನು ಯಾವಾಗ ತೆಗೆಯುತ್ತೀರಿ ಅಂದರೆ ಅವರಿಗೇ ಆಶ್ಚರ್ಯ. "ತೆಗೆಯೋದ್ಯಾಕ್ರಿ? ದಿನಾ ರಾತ್ರಿ ತಾನ ಬ್ಯಾಕಪ್ ಆಕ್ಕತ್ರಿ."

ಆಂಟಿವೈರಸ್, ಪಾಸ್‌ವರ್ಡ್, ಓಟಿಪಿ ಯಾರಿಗೂ ಹೇಳಬೇಡಿ ಅನ್ನೋದೆಲ್ಲ ನೀವು ಸಾಕಷ್ಟು ಕೇಳಿದ್ದೀರಿ. ನಾನು ಈ ಡಿಸ್ಕಿನ ವಿಷಯ ಒಂದನ್ನೇ ಹೇಳುತ್ತೇನೆ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದೇ ಇರೋದು ಇದೊಂದೇ.

ರಾನ್ಸಮ್‌ವೇರ್ ಅಂದರೆ ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್. ಅದು ಒಳಗೆ ಬಂದರೆ ಮೊದಲು ಹುಡುಕುವುದು ಆ ಕಂಪ್ಯೂಟರಿಗೆ ಏನೇನು ಕಾಣುತ್ತದೆ ಅಂತ. ಸಿ ಡ್ರೈವ್ ಕಾಣುತ್ತದೆ, ಡಿ ಡ್ರೈವ್ ಕಾಣುತ್ತದೆ. ನೀವು ಹಚ್ಚಿಟ್ಟ ಡಿಸ್ಕ್ ಇ ಡ್ರೈವ್ ಆಗಿ ಕಾಣುತ್ತದೆ. ಪಕ್ಕದ ಟೇಬಲ್ಲಿನ ಕಂಪ್ಯೂಟರಿನಲ್ಲಿ ಶೇರ್ ಮಾಡಿಟ್ಟ ಫೋಲ್ಡರೂ ಕಾಣುತ್ತದೆ. ಕಂಡದ್ದಕ್ಕೆಲ್ಲ ಬೀಗ. ವಿಂಡೋಸ್ ತಾನಾಗಿ ಇಟ್ಟುಕೊಂಡ ಹಳೆಯ ನಕಲುಗಳನ್ನೂ ಸಾಮಾನ್ಯವಾಗಿ ಅಳಿಸಿಹಾಕುತ್ತದೆ. ನೀವು ಮೌಸ್‌ನಿಂದ ಯಾವ ಫೈಲ್ ತೆರೆಯಬಲ್ಲಿರೋ ಅದನ್ನು ಅದೂ ಹಾಳು ಮಾಡಬಲ್ಲದು. ಡಿ ಡ್ರೈವ್ ಅಂತೂ ಎಷ್ಟೋ ಕಡೆ ಬೇರೆ ಡಿಸ್ಕೂ ಅಲ್ಲ, ಅದೇ ಡಿಸ್ಕಿನ ಇನ್ನೊಂದು ಭಾಗ. ತಿಜೋರಿಯ ಎರಡನೇ ಕೀಲಿಯನ್ನು ಅದೇ ಗೊಂಚಲಿಗೆ ಹಾಕಿ ಇಟ್ಟಂಗಾಯ್ತು.

ದುರ್ಗದ ಬೈಲಿನ ಹತ್ತಿರದ ಒಬ್ಬ ಹೋಲ್‌ಸೇಲ್ ವ್ಯಾಪಾರಿಗೆ ಅಂಗಡಿಯ ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರನ್ನು ಮನೆಯಿಂದಲೇ ನೋಡುವ ಆಸೆ. ಯಾರೋ ಹುಡುಗ ಬಂದು ರಿಮೋಟ್ ಡೆಸ್ಕ್‌ಟಾಪನ್ನು, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಸೌಲಭ್ಯವನ್ನು, ನೇರ ಇಂಟರ್‌ನೆಟ್‌ಗೆ ತೆರೆದು ಕೊಟ್ಟು ಹೋದ. ಪಾಸ್‌ವರ್ಡ್ ಅಂಗಡಿಯ ಹೆಸರು, ಅದರ ಮುಂದೆ 123. ಇಂಥ ತೆರೆದ ಬಾಗಿಲನ್ನು ಹುಡುಕಲು ಯಾರೂ ಹುಬ್ಬಳ್ಳಿಗೆ ಬರಬೇಕಿಲ್ಲ, ಇಡೀ ಇಂಟರ್‌ನೆಟ್ಟನ್ನು ತಡಕಾಡುವ ಪ್ರೋಗ್ರಾಮ್‌ಗಳು ಹಗಲೂ ರಾತ್ರಿ ಅದನ್ನೇ ಮಾಡುತ್ತವೆ. ಒಂದು ಸೋಮವಾರ ಬೆಳಿಗ್ಗೆ ಟ್ಯಾಲಿ ತೆರೆದರೆ ಕಂಪನಿಯೇ, ಅಂದರೆ ಅಂಗಡಿಯ ಲೆಕ್ಕವೇ ಇಲ್ಲ. ಹಚ್ಚಿಟ್ಟ ಡಿಸ್ಕಿನಲ್ಲಿದ್ದದ್ದೂ ಹೋಗಿತ್ತು.

ಜಿಎಸ್‌ಟಿ ಲೆಕ್ಕ ಹೇಗೋ ಆಯಿತು. ಸಲ್ಲಿಸಿದ ರಿಟರ್ನ್ ಪೋರ್ಟಲ್ಲಿನಲ್ಲಿತ್ತು, ಖರೀದಿಯ ವಿವರ ಅದೇ ಪೋರ್ಟಲ್ಲಿನ 2ಬಿ ಪಟ್ಟಿಯಲ್ಲಿತ್ತು, ಹಳೆಯ ವರ್ಷದ್ದು ಸಿಎ ಆಫೀಸಿನಲ್ಲಿತ್ತು. ಆದರೆ ಉದ್ರಿ? ಯಾರು ಎಷ್ಟು ಕೊಡಬೇಕು ಅನ್ನೋದು ಯಾವ ಪೋರ್ಟಲ್ಲಿಗೂ ಗೊತ್ತಿಲ್ಲ. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತಾಗ ನೆರವಾದವರು ಲೆಕ್ಕ ಬರೆಯುವ ಅವರ ಹಳೆಯ ದಿವಾನಜಿ. ಕಂಪ್ಯೂಟರ್ ಮೇಲೆ ಎಂದೂ ನಂಬಿಕೆ ಇಡದ ಮನುಷ್ಯ. ಕಿಸೆಯ ಡೈರಿಯಲ್ಲಿ ದೊಡ್ಡ ಬಾಕಿಗಳನ್ನೆಲ್ಲ ಹಳೆಯ ಕಾಲದ ಮೋಡಿ ಲಿಪಿಯಂಥ ತಮ್ಮದೇ ಬರಹದಲ್ಲಿ ಗುರುತು ಹಾಕಿಟ್ಟಿದ್ದರು. ಸಣ್ಣ ಬಾಕಿಗಳು ಮಾತ್ರ ಹೋದವು. ಕೆಲವು ಗಿರಾಕಿಗಳು ತಾವಾಗಿ ಬಂದು ಕೊಟ್ಟರಂತೆ, ಹುಬ್ಬಳ್ಳಿ ಮಂದಿ ಅಷ್ಟು ಕೆಟ್ಟವರೇನಲ್ಲ.

ಅಂದಹಾಗೆ, ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕದ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ವೈರಸ್ ತಿಂತು ಅಂದರೆ ಅಧಿಕಾರಿ ಏನು ಹೇಳುತ್ತಾರೋ ನಿಮ್ಮ ಸಿಎ ಅವರನ್ನೇ ಕೇಳಿ, ಅದು ನನ್ನ ಕ್ಷೇತ್ರವಲ್ಲ.

ಮಾಡಬೇಕಾದದ್ದು ಇಷ್ಟೇ. ಎರಡು ಪೆನ್‌ಡ್ರೈವ್ ತನ್ನಿ. ಸಣ್ಣ ಅಂಗಡಿಯ ಟ್ಯಾಲಿ ಡೇಟಾಕ್ಕೆ ಅಷ್ಟು ಸಾಕು. ಸಂಜೆ ಅಂಗಡಿ ಮುಚ್ಚುವಾಗ ಒಂದನ್ನು ಹಚ್ಚಿ, ಬ್ಯಾಕಪ್ ತೆಗೆಯಿರಿ, ಎಜೆಕ್ಟ್ ಮಾಡಿ, ಕಿತ್ತು ಮನೆಗೆ ಒಯ್ಯಿರಿ. ಮರುದಿನ ಇನ್ನೊಂದು. ಎರಡೂ ಒಂದೇ ಹೊತ್ತಿಗೆ ಕಂಪ್ಯೂಟರಿಗೆ ತಾಗಬಾರದು, ಎರಡೂ ಅಂಗಡಿಯಲ್ಲೇ ಇರಬಾರದು. ಬೆಂಕಿ, ಕಳವು, ಮಳೆ ನೀರು ಎಲ್ಲಕ್ಕೂ ಇದೇ ಉಪಾಯ. ಬ್ಯಾಡಗಿಯ ಒಬ್ಬ ದಲಾಲರು "ಸೀಸನ್ ಮುಗೀಲಿ, ಮಾಡೋಣು" ಅನ್ನುತ್ತಾರೆ. ರೀ, ಲೆಕ್ಕ ಜಾಸ್ತಿ ಇರೋದೇ ಮೆಣಸಿನಕಾಯಿ ಸೀಸನ್ನಿನಲ್ಲಿ ಅಲ್ವಾ?

ಗೂಗಲ್ ಡ್ರೈವ್‌ನಲ್ಲಿದೆ ಅನ್ನುವವರಿಗೂ ಒಂದು ಮಾತು. 15 ಜಿಬಿ ಪುಕ್ಕಟೆ ಸಿಗುತ್ತದೆ, ಒಳ್ಳೆಯದೇ. ಆದರೆ ಫೋಲ್ಡರ್ ಸಿಂಕ್ ಆಗುತ್ತಿದ್ದರೆ, ಅಂದರೆ ಇಲ್ಲಿ ಬದಲಾದದ್ದು ಅಲ್ಲೂ ತಾನಾಗಿ ಬದಲಾಗುತ್ತಿದ್ದರೆ, ಕೆಟ್ಟ ಫೈಲೂ ಹಾಗೇ ಮೇಲೆ ಹೋಗುತ್ತದೆ. ಹಳೆಯ ಆವೃತ್ತಿ ಸಾಮಾನ್ಯವಾಗಿ 30 ದಿನ ಸಿಗುತ್ತದೆ, ಅದನ್ನೇ ನಂಬಿ ಕೂರಬೇಡಿ. ಪೆನ್‌ಡ್ರೈವ್ ಜೊತೆಗೆ ಇರಲಿ.

ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ, ಅಂದರೆ ಟ್ಯಾಲಿಗೆ ವಾಪಸ್ ತುಂಬಿ, ಕೊನೆಯ ಬಿಲ್ ಇದೆಯಾ ನೋಡಿ. ದಯವಿಟ್ಟು ಬೇರೆ ಕಂಪ್ಯೂಟರಿನಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲೇ ಮಾಡಿದರೆ ಹಳೆಯ ಡೇಟಾ ಹೊಸದರ ಮೇಲೆ ಕೂತುಬಿಡಬಹುದು.

ಉಳಿದದ್ದು ಬೇಗ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ಜಗತ್ತನ್ನೆಲ್ಲ ಕಾಡಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಜನ ಹಾಕಿಕೊಂಡಿರಲಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 7 ಇನ್ನೂ ಓಡಿಸುವವರ ಬಗ್ಗೆ ನಾನು ಮಾತಾಡಲ್ಲ. ಕ್ರ್ಯಾಕ್ ಮಾಡಿದ ಟ್ಯಾಲಿ ಹಾಕುವಾಗ "ಆಂಟಿವೈರಸ್ ಬಂದ್ ಮಾಡಿ" ಅಂತ ಅದೇ ಹೇಳುತ್ತದಲ್ಲ, ಯಾಕೆ ಅಂತ ಒಮ್ಮೆ ಯೋಚಿಸಿ.

ಫೈಲುಗಳ ಹೆಸರು ವಿಚಿತ್ರವಾಗಿ ಬದಲಾದದ್ದು ಕಂಡರೆ ಮೊದಲು ನೆಟ್ ವೈರ್ ಕಿತ್ತುಬಿಡಿ, ವೈಫೈ ಬಂದ್ ಮಾಡಿ. ಗಾಬರಿಯಲ್ಲಿ ಬ್ಯಾಕಪ್ ಪೆನ್‌ಡ್ರೈವ್ ತಂದು ಅದೇ ಕಂಪ್ಯೂಟರಿಗೆ ಹಚ್ಚುವವರನ್ನು ಕಂಡಿದ್ದೇನೆ, ಉಳಿದ ಒಂದೇ ನಕಲೂ ಹೋಗುತ್ತದೆ. ದುಡ್ಡು ಕೊಟ್ಟರೆ ಫೈಲ್ ವಾಪಸ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ನೋ ಮೋರ್ ರಾನ್ಸಮ್ ಅನ್ನುವ ತಾಣದಲ್ಲಿ ರಾನ್ಸಮ್‌ವೇರಿನ ಕೆಲವು ತಳಿಗಳಿಗೆ ಬೀಗ ಬಿಡಿಸುವ ಪುಕ್ಕಟೆ ಸಾಧನ ಇದೆ, ಎಲ್ಲದಕ್ಕೂ ಇಲ್ಲ. ಬ್ಯಾಂಕ್ ಖಾತೆಯಿಂದ ದುಡ್ಡೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡ ಮಾಡದೆ ಫೋನ್ ಮಾಡಿ. ಕಂಪ್ಯೂಟರ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಮೇಲಷ್ಟೇ ಮನೆಯ ಪೆನ್‌ಡ್ರೈವ್ ತನ್ನಿ.