ಸಿಂಗಲ್ ಫೇಸ್ ಮೋಟಾರನ್ನು ಹಿಂದುಮುಂದಾಗಿ ಓಡಿಸುವುದು: ಯಾವ ತುದಿಯನ್ನು ಬದಲಿಸಬೇಕು?

ಈ ವಾರದ ಪ್ರಾಯೋಗಿಕ ತರಗತಿಯಲ್ಲಿ ಅರ್ಧ ಎಚ್.ಪಿ. ಕೆಪಾಸಿಟರ್ ಸ್ಟಾರ್ಟ್ ಮೋಟಾರಿಗೆ ಎರಡೂ ದಿಕ್ಕಿಗೆ ತಿರುಗುವಂತೆ ವೈರಿಂಗ್ ಮಾಡಬೇಕಿತ್ತು. ಒಂದೇ ಒಂದು ಜಾಗದಲ್ಲಿ ಎರಡು ಗಂಟೆ ಸಿಕ್ಕಿಬಿದ್ದೆ. ಅದು ಬಿಡಿಸಿಕೊಂಡ ಬಗೆ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಟ್ರೇಡ್ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೂ ಉಪಯೋಗವಾಗಲಿ.

ಮೋಟಾರಿನ ತುದಿಗಳಲ್ಲಿ ಯು1–ಯು2 ರನ್ನಿಂಗ್ ವೈಂಡಿಂಗ್ (ಓಡುವಷ್ಟು ಹೊತ್ತೂ ಕೆಲಸ ಮಾಡುವ ತಂತಿ ಸುರುಳಿ), ಝಡ್1–ಝಡ್2 ಸ್ಟಾರ್ಟಿಂಗ್ ವೈಂಡಿಂಗ್ (ಶುರುವಿನಲ್ಲಷ್ಟೇ ಬೇಕಾದ ಸುರುಳಿ). ಗುರುತು ಅಳಿಸಿಹೋಗಿದ್ದರೆ ಕಂಡೆನ್ಸರ್ (ಕೆಪಾಸಿಟರ್‌ಗೇ ಇನ್ನೊಂದು ಹೆಸರು) ಬಿಚ್ಚಿಟ್ಟು ಮಲ್ಟಿಮೀಟರ್ ಹಿಡಿಯಬೇಕು. ನಮ್ಮ ಮೋಟಾರಿನಲ್ಲಿ ಒಂದು ಜೋಡಿ 5 ಓಮ್, ಇನ್ನೊಂದು 12 ಓಮ್ ತೋರಿಸಿತು. ರನ್ನಿಂಗ್‌ನ ತಂತಿ ದಪ್ಪ, ಆದ್ದರಿಂದ ಕಡಿಮೆ ಓಮ್ ಅದರದ್ದು. ಸ್ಟಾರ್ಟಿಂಗ್ ವೈಂಡಿಂಗ್, ಕಂಡೆನ್ಸರ್, ಸೆಂಟ್ರಿಫ್ಯೂಗಲ್ ಸ್ವಿಚ್ (ವೇಗ ಏರಿದಾಗ ತಾನಾಗೇ ಬಿಟ್ಟುಕೊಳ್ಳುವ ಸ್ವಿಚ್) ಈ ಮೂರೂ ಸರಣಿಯಲ್ಲಿರುತ್ತವೆ.

ಕಂಡೆನ್ಸರ್ ಮುಟ್ಟುವ ಮುನ್ನ ಅದರ ಚಾರ್ಜ್ ಇಳಿಸಲೇಬೇಕು. 230 ವೋಲ್ಟ್ ಎ.ಸಿ.ಯ ಶಿಖರ ಸುಮಾರು 325 ವೋಲ್ಟ್; ಸ್ವಿಚ್ ಆರಿಸಿದ ಕ್ಷಣಕ್ಕೆ ತಕ್ಕಂತೆ ಅಷ್ಟೂ ಒಳಗೆ ಉಳಿದಿರಬಹುದು. 80 ಮೈಕ್ರೋಫ್ಯಾರಡ್‌ಗೆ 20 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್ ಹತ್ತು ಸೆಕೆಂಡು ಹಿಡಿದರೆ ಸಾಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ. ಕಂಡೆನ್ಸರ್ ಹಾಳಾಗುತ್ತದೆ, ಕಣ್ಣಿಗೂ ಅಪಾಯ.

ನಾನು ಸಿಕ್ಕಿಬಿದ್ದ ಜಾಗ

ದಿಕ್ಕು ಬದಲಿಸಲು ಮೊದಲು ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು ಮಾಡಿದೆ. ಮೋಟಾರು ಹಳೆಯ ದಿಕ್ಕಿಗೇ ತಿರುಗಿತು. ಆಮೇಲೆ ಯು1–ಯು2 ಬದಲಿಸಿದೆ, ಜೊತೆಗೆ ಝಡ್1–ಝಡ್2 ಕೂಡ ಬದಲಿಸಿದೆ. ಮತ್ತೆ ಅದೇ ದಿಕ್ಕು. "ಒಂದನ್ನು ಮಾತ್ರ ಬದಲಿಸಿ" ಎಂದು ಪುಸ್ತಕದಲ್ಲಿ ಬರೆದಿರುತ್ತದೆ. ಏಕೆ ಒಂದನ್ನು ಮಾತ್ರ ಎಂಬುದು ಗಡಿಯಾರದ ಚಿತ್ರ ಬರೆದುಕೊಂಡಾಗಲೇ ನನಗೆ ಹೊಳೆದದ್ದು.

ಎರಡು ಪೋಲ್‌ಗಳ ಮೋಟಾರು ಎಂದುಕೊಳ್ಳೋಣ. ರನ್ನಿಂಗ್ ವೈಂಡಿಂಗ್‌ನ ಉತ್ತರ ಧ್ರುವ 12 ಗಂಟೆಯ ಜಾಗದಲ್ಲಿದೆ, ಸ್ಟಾರ್ಟಿಂಗ್‌ನದು 3 ಗಂಟೆಯ ಜಾಗದಲ್ಲಿ. ಕಂಡೆನ್ಸರ್ ಇರುವುದರಿಂದ ಸ್ಟಾರ್ಟಿಂಗ್ ಕರೆಂಟ್ ಸುಮಾರು ಕಾಲು ಸುತ್ತು ಮುಂದೆ ಬರುತ್ತದೆ. 50 ಹರ್ಟ್ಸ್‌ನಲ್ಲಿ ಕಾಲು ಸುತ್ತು ಎಂದರೆ 5 ಮಿಲಿಸೆಕೆಂಡು. ಹಾಗಾಗಿ ಉತ್ತರ ಧ್ರುವ ಮೊದಲು 3ರಲ್ಲಿ ಕಾಣಿಸಿಕೊಳ್ಳುತ್ತದೆ, 5 ಮಿಲಿಸೆಕೆಂಡಿನ ಬಳಿಕ 12ರಲ್ಲಿ. ಅಷ್ಟರಲ್ಲಿ ಸ್ಟಾರ್ಟಿಂಗ್ ಕರೆಂಟ್ ತಿರುಗಿಕೊಂಡಿರುತ್ತದೆ, ಆದ್ದರಿಂದ ಮುಂದಿನದು 9. ನಂತರ 6. ಅಂದರೆ 3, 12, 9, 6: ಅಪ್ರದಕ್ಷಿಣೆ.

ಈಗ ಸ್ಟಾರ್ಟಿಂಗ್ ತುದಿಗಳನ್ನಷ್ಟೇ ಬದಲಿಸಿ. 3 ಇದ್ದಲ್ಲಿ 9 ಬರುತ್ತದೆ. 9, 12, 3, 6: ಪ್ರದಕ್ಷಿಣೆ! ಅದರ ಬದಲು ರನ್ನಿಂಗ್ ತುದಿಗಳನ್ನಷ್ಟೇ ಬದಲಿಸಿದರೆ 3, 6, 9, 12. ಇದೂ ಪ್ರದಕ್ಷಿಣೆಯೇ. ಎರಡನ್ನೂ ಬದಲಿಸಿದರೆ 9, 6, 3, 12. ಬೆರಳಿಟ್ಟು ನೋಡಿ, ಮತ್ತೆ ಅಪ್ರದಕ್ಷಿಣೆ. ಫೇಸ್–ನ್ಯೂಟ್ರಲ್ ಬದಲಿಸಿದಾಗ ಆಗುವುದೂ ಇದೇ, ಏಕೆಂದರೆ ಆಗ ಎರಡೂ ವೈಂಡಿಂಗ್‌ಗಳು ಒಟ್ಟಿಗೇ ತಲೆಕೆಳಗಾಗುತ್ತವೆ. ಯಾವ ಧ್ರುವದ ನಂತರ ಯಾವುದು ಎಂಬ ಸರದಿಯೇ ದಿಕ್ಕು. ಈ ನಾಲ್ಕು ಸಾಲುಗಳನ್ನು ಒಮ್ಮೆ ಕೈಯಾರೆ ಬರೆದರೆ ಬಾಯಿಪಾಠದ ಅಗತ್ಯವೇ ಇಲ್ಲ.

ಕೆಲವು ಮೋಟಾರುಗಳಲ್ಲಿ ರನ್ನಿಂಗ್‌ನ ಒಂದು ತುದಿಯನ್ನೂ ಸ್ಟಾರ್ಟಿಂಗ್‌ನ ಒಂದು ತುದಿಯನ್ನೂ ಒಳಗೇ ಕೂಡಿಸಿ ಮೂರೇ ವೈರ್ ಹೊರಗೆ ಬಿಟ್ಟಿರುತ್ತಾರೆ. ಆಗ ಕವರ್ ಬಿಚ್ಚಿ ಆ ಜೋಡಣೆಯನ್ನು ಬಿಡಿಸದೆ ದಿಕ್ಕು ಬದಲಾಗದು.

ಸ್ವಿಚ್ ಜೋಡಣೆ

ಆರು ಟರ್ಮಿನಲ್‌ಗಳ ಚೇಂಜ್‌ಓವರ್ ಸ್ವಿಚ್ ಬೇಕು. ನಡುವಿನ ಎರಡಕ್ಕೆ ಕಂಡೆನ್ಸರ್ ಸಮೇತ ಸ್ಟಾರ್ಟಿಂಗ್ ವೈಂಡಿಂಗ್, ಮೇಲಿನ ಎರಡಕ್ಕೆ ಸಪ್ಲೈ. ಮೇಲಿನಿಂದ ಕೆಳಗಿನ ಎರಡಕ್ಕೆ ಕತ್ತರಿಯಾಕಾರದಲ್ಲಿ ಅಡ್ಡ ವೈರ್. ರನ್ನಿಂಗ್ ವೈಂಡಿಂಗ್ ನೇರವಾಗಿ ಸಪ್ಲೈಗೆ. ಆದರೆ ಈ ಸ್ವಿಚ್ ನಡುವೆ ನಿಂತಾಗಲೂ ರನ್ನಿಂಗ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ನಿಂತ ಮೋಟಾರು ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಹಾಗಾಗಿ ಇವೆಲ್ಲದರ ಹಿಂದೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಒಂದು ಡಬಲ್ ಪೋಲ್ ಮೇನ್ ಸ್ವಿಚ್ ಇರಲೇಬೇಕು.

ಓಡುತ್ತಿರುವಾಗ ಚೇಂಜ್‌ಓವರ್ ತಿರುಗಿಸಿದರೆ ಏನೂ ಆಗುವುದಿಲ್ಲ. ವೇಗ ಮುಕ್ಕಾಲು ಭಾಗಕ್ಕೆ ಏರಿದಾಗಲೇ ಸೆಂಟ್ರಿಫ್ಯೂಗಲ್ ಸ್ವಿಚ್ ಬಿಟ್ಟುಕೊಂಡಿರುತ್ತದೆ, ಸ್ಟಾರ್ಟಿಂಗ್ ವೈಂಡಿಂಗ್ ಆಟದಲ್ಲೇ ಇರುವುದಿಲ್ಲ. ಮೇನ್ ಆರಿಸಿ ಕಿವಿಗೊಡಿ. ವೇಗ ಇಳಿಯುತ್ತಾ ಒಳಗೆ "ಟಕ್" ಎನ್ನುತ್ತದೆ, ಸ್ವಿಚ್ ಮತ್ತೆ ಕೂಡಿಕೊಂಡ ಸದ್ದು ಅದು. ಆ ಸದ್ದಿನ ನಂತರವೂ ಶಾಫ್ಟ್ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ದಿಕ್ಕು ಬದಲಿಸಿ ಮೇನ್ ಹಾಕಿ.

ವಾಷಿಂಗ್ ಮೆಷಿನ್ ಮೋಟಾರು

ಸೆಮಿ ಆಟೊಮ್ಯಾಟಿಕ್ ಯಂತ್ರದ ವಾಷ್ ಮೋಟಾರಿನಲ್ಲಿ ಎರಡೂ ವೈಂಡಿಂಗ್ ಒಂದೇ ಸಮ, ಸೆಂಟ್ರಿಫ್ಯೂಗಲ್ ಸ್ವಿಚ್ ಇಲ್ಲ. ಮೂರು ವೈರ್‌ಗಳಲ್ಲಿ ಅತಿ ಹೆಚ್ಚು ಓಮ್ ತೋರಿಸುವ ಎರಡನ್ನು ಹುಡುಕಿ. ಉಳಿದದ್ದು ಕಾಮನ್, ಅಂದರೆ ಎರಡೂ ವೈಂಡಿಂಗ್ ಕೂಡುವ ತುದಿ. ಆ ಎರಡು ತುದಿಗಳ ನಡುವೆ 440 ವೋಲ್ಟ್‌ನ ರನ್ ಕಂಡೆನ್ಸರ್. ವೈಂಡಿಂಗ್ ಜೊತೆ ಸರಣಿಯಲ್ಲಿದ್ದಾಗ ಕಂಡೆನ್ಸರಿನ ಮೇಲೆ ಸಪ್ಲೈಗಿಂತ ಹೆಚ್ಚು ವೋಲ್ಟೇಜ್ ಬೀಳುವುದರಿಂದ ಅಷ್ಟು ಬೇಕು. ಸ್ಟಾರ್ಟ್ ಕಂಡೆನ್ಸರ್ ಕೆಲವೇ ಸೆಕೆಂಡಿನ ಕೆಲಸಕ್ಕೆ ಮಾಡಿದ್ದು, ಅದನ್ನು ಇಲ್ಲಿ ಹಾಕಿದರೆ ಊದಿ ಒಡೆಯುತ್ತದೆ. ನ್ಯೂಟ್ರಲ್ ಕಾಮನ್‌ಗೆ, ಫೇಸ್ ಈ ತುದಿಗೆ ಕೊಟ್ಟರೆ ಒಂದು ದಿಕ್ಕು, ಆ ತುದಿಗೆ ಕೊಟ್ಟರೆ ಇನ್ನೊಂದು. ಎರಡಕ್ಕೂ ಒಮ್ಮೆಲೇ ಮಾತ್ರ ಕೊಡಬಾರದು: ಕಂಡೆನ್ಸರ್ ಶಾರ್ಟ್ ಆಗಿ ಕಾಂಟ್ಯಾಕ್ಟ್ ಸುಡುತ್ತದೆ. ಬಟ್ಟೆ ಒಂದು ಕಡೆ ಸುತ್ತಿ, ಕ್ಷಣ ನಿಂತು, ಮತ್ತೊಂದು ಕಡೆ ಸುತ್ತುತ್ತದಲ್ಲ, ಆ ಬಿಡುವಿನಲ್ಲಿ ಟೈಮರ್ ಎರಡೂ ಕಾಂಟ್ಯಾಕ್ಟ್‌ಗಳನ್ನು ಬಿಡಿಸಿ ಹಿಡಿದಿರುತ್ತದೆ.